ಕೆನ್ಸಿಂಗ್ಟನ್ನಿನ ರಾಜಸ್ಮಾರಕಗಳು: ಒಂದು ಔಚಿತ್ಯವಿಚಾರ

ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿರುವ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ದಂಡಿಯ ಕಾವ್ಯಾದರ್ಶದಲ್ಲಿ ಆ ಪಟ್ಟಿಯ ಮೊದಲಿಗೆ ಬರುವುದೇ ನಗರವು. ಕನ್ನಡ ಕವಿಗಳೂ ಈ ವಿಧಿಯನ್ನು ಶಿರಸಾವಹಿಸಿ ನಡೆಸಿಕೊಟ್ಟರು. ಎಷ್ಟರಮಟ್ಟಿಗೆಂದರೆ, ನಡುಗಾಲದ ಅನೇಕ ಕಾವ್ಯಗಳಲ್ಲಿ ಊರಿನ ಹೆಸರನ್ನು ಅಳಿಸಿ ಬೇರೊಂದು ಹೆಸರನ್ನು ಬರೆದರೂ ವರ್ಣನೆಗೆ ಯಾವ ಬಾಧೆಯೂ ತಟ್ಟುವುದಿಲ್ಲ. ಅದೇ ಕೋಟೆ, ಅದೇ ಅಗಳು, ಅದೇ ಉಪವನ, ಅದೇ ಗಿಳಿವಿಂಡು. ಈಗ ಮಹಾಕಾವ್ಯಗಳ ಕಾಲವು ಕಳೆದು, ಪುರವರ್ಣನೆಯು ಪ್ರವಾಸಲೇಖನಗಳಲ್ಲಿ ಪುನರ್ಜನ್ಮವನ್ನು ಪಡೆದಿದೆ. ಆದರೆ ಹಳೆಯ ದೋಷವು ಜನ್ಮಾಂತರದಲ್ಲಿಯೂ ಬೆನ್ನು ಬಿಟ್ಟಿಲ್ಲ. ಅರಮನೆಯ ಬಾಗಿಲಲ್ಲಿ ಸಾಲು ನಿಂತದ್ದು, ಟಿಕೀಟಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನಿಟ್ಟುಸಿರು ಬಿಟ್ಟದ್ದು, ಛಾಯಾಚಿತ್ರ ತೆಗೆಸಿಕೊಂಡದ್ದು, ಮಳೆ ಬಂದದ್ದು: ಇಷ್ಟರಿಂದ ಲಂಡನ್ನಿನ ವರ್ಣನೆಯು ಸಮಾಪ್ತವಾಗುವುದು. ನೋಡಿದ್ದು ಏನು, ನೋಡಿದ್ದರ ಅರ್ಥವೇನು ಎಂಬ ಪ್ರಶ್ನೆಗೆ ಎಡೆಯೇ ಇರುವುದಿಲ್ಲ.

ಇದು ಅಲ್ಪ ವಿಷಯವೆಂದು ಅಲಕ್ಷಿಸಲಾಗದು. ಮಗನೋ ಮಗಳೋ ಉದ್ಯೋಗನಿಮಿತ್ತವಾಗಿ ಆ ನಗರದಲ್ಲಿ ನೆಲೆಸಿದ ಕನ್ನಡಿಗರ ಮನೆಗಳು ಇಂದು ಬಹಳ ಇರುವುವು. ಬೇಸಗೆಯಲ್ಲಿ ತಂದೆತಾಯಿಗಳು ಹೋಗಿ ಎರಡು ಮೂರು ತಿಂಗಳು ಇದ್ದು ಬರುವರು. ಹಾಗೆ ಹೋದವರನ್ನು ಮಕ್ಕಳು ರಜೆಯ ದಿನ ಕರೆದೊಯ್ಯುವ ಸ್ಥಳಗಳಲ್ಲಿ ಕೆನ್ಸಿಂಗ್ಟನ್ ಮುಖ್ಯವಾದುದು. ಅರಮನೆ, ಉದ್ಯಾನ, ಆಲ್ಬರ್ಟ್ ಸ್ಮಾರಕ, ಆಲ್ಬರ್ಟ್ ಸಭಾಭವನ, ಮೂರು ಮಹಾ ವಸ್ತುಸಂಗ್ರಹಾಲಯಗಳು: ಇವೆಲ್ಲವೂ ಒಂದು ದಿನದ ಕಾಲ್ನಡಿಗೆಗೆ ಒಳಗಾಗುವಷ್ಟು ಸಮೀಪದಲ್ಲಿವೆ. ಪೌರಾಡಳಿತದ ಲೆಕ್ಕದಲ್ಲಿ ಸ್ಮಾರಕವೂ ಸಭಾಭವನವೂ ಪಕ್ಕದ ವೆಸ್ಟ್‌ಮಿನ್‌ಸ್ಟರಿಗೆ ಸೇರಿದವು. ಆದರೆ ನೋಡುವವನ ಕಾಲಿಗೆ ಆ ಗಡಿ ತಿಳಿಯುವುದಿಲ್ಲ. ಒಬ್ಬ ರಾಣಿಯ ಹುಟ್ಟು, ಪಟ್ಟ, ದಾಂಪತ್ಯ, ವೈಧವ್ಯ ಇವು ನಾಲ್ಕೂ ಇಲ್ಲಿ ಕಲ್ಲಿನಲ್ಲಿ ಬರೆಯಲ್ಪಟ್ಟಿರುವುದರಿಂದ ಈ ಪ್ರದೇಶವನ್ನು ಒಂದು ಪ್ರಬಂಧವೆಂದೇ ಭಾವಿಸಿ ಓದಬಹುದು. ಕಾವ್ಯವೆಂದ ಮೇಲೆ ಗುಣದೋಷವಿಚಾರವು ತಪ್ಪದು.

ಓದನ್ನು ಅರಮನೆಯಿಂದ ಆರಂಭಿಸುವುದು ಯುಕ್ತ. ಮಾರ್ಗದರ್ಶಿಗಳು ಸಾಮಾನ್ಯವಾಗಿ ಸ್ಮಾರಕದ ಹೊಳಪಿನಿಂದ ಮೊದಲುಮಾಡುವರು. ಅದು ಉತ್ತರಾರ್ಧವನ್ನು ಮೊದಲು ಓದಿದಂತೆ. ಕೆನ್ಸಿಂಗ್ಟನ್ ಅರಮನೆಯು ಮೊದಲಿಗೆ ಅರಮನೆಯೇ ಅಲ್ಲ. ನಾಟಿಂಗ್‌ಹ್ಯಾಮ್ ಮನೆಯೆಂದು ಕರೆಯಲ್ಪಡುತ್ತಿದ್ದ ಒಬ್ಬ ಶ್ರೀಮಂತನ ನಿವಾಸವನ್ನು ೧೬೮೯ರಲ್ಲಿ ಮೂರನೆಯ ವಿಲಿಯಂ ದೊರೆಯೂ ಎರಡನೆಯ ಮೇರಿ ರಾಣಿಯೂ ಕೊಂಡರು. ಕಾರಣವು ವೈಭವವಲ್ಲ, ಉಬ್ಬಸರೋಗ. ನದೀತೀರದ ವೈಟ್‌ಹಾಲ್ ಅರಮನೆಯ ತೇವವೂ ಹೊಗೆಯೂ ದೊರೆಯ ಎದೆಗೆ ಒಗ್ಗಲಿಲ್ಲ. ಕ್ರಿಸ್ಟೋಫರ್ ರೆನ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ಆ ಮನೆಯನ್ನು ವಿಸ್ತರಿಸಿದನು; ಆದರೂ ಹೊರನೋಟಕ್ಕೆ ಅದು ಕೆಂಪು ಇಟ್ಟಿಗೆಯ ದೊಡ್ಡ ಮನೆಯಾಗಿಯೇ ಉಳಿಯಿತು. ಮೇರಿ ರಾಣಿ ೧೬೯೪ರಲ್ಲಿ ಸಿಡುಬಿನಿಂದ ಇಲ್ಲಿಯೇ ತೀರಿಕೊಂಡಳು. ೧೭೦೨ರಲ್ಲಿ ವಿಲಿಯಂ, ೧೭೧೪ರಲ್ಲಿ ಆನ್ ರಾಣಿ, ೧೭೬೦ರಲ್ಲಿ ಎರಡನೆಯ ಜಾರ್ಜ್, ಎಲ್ಲರೂ ಇಲ್ಲಿಯೇ ಕಣ್ಮುಚ್ಚಿದರು. ಅಲ್ಲಿಂದ ಮುಂದೆ ಆಳುವ ದೊರೆಗಳಾರೂ ಇಲ್ಲಿ ವಾಸಮಾಡಲಿಲ್ಲ. ರಘುವಂಶದ ಹದಿನಾರನೆಯ ಸರ್ಗದಲ್ಲಿ ಬರಿದಾದ ಅಯೋಧ್ಯೆಯ ಅಧಿದೇವತೆಯು ನಡುರಾತ್ರಿಯಲ್ಲಿ ಕುಶನ ಬಳಿಗೆ ಬಂದು ತನ್ನ ದುರವಸ್ಥೆಯನ್ನು ಹೇಳಿಕೊಳ್ಳುವ ಪ್ರಸಂಗವನ್ನು ಬಲ್ಲವರಿಗೆ, ಈ ಅರಮನೆಯ ಖಾಲಿ ಕೋಣೆಗಳಲ್ಲಿ ನಡೆಯುವಾಗ ಅದು ನೆನಪಾಗದೆ ಇರದು.

ಆ ಕೋಣೆಗಳಿಗೆ ಹತ್ತುವ ರಾಜಸೋಪಾನದ ಗೋಡೆಗಳಲ್ಲಿ ವಿಲಿಯಂ ಕೆಂಟ್ ಎಂಬ ಚಿತ್ರಕಾರನು ಮೊದಲನೆಯ ಜಾರ್ಜ್ ದೊರೆಗಾಗಿ ಬರೆದ ಚಿತ್ರಗಳಿವೆ. ದೊರೆಗಳ ಚಿತ್ರವಲ್ಲ; ಕಟಾಂಜನಕ್ಕೆ ಒರಗಿ ಕೆಳಗೆ ಹತ್ತಿ ಬರುವವರನ್ನು ನೋಡುತ್ತಿರುವ ಪರಿವಾರದವರ ಚಿತ್ರ. ಕಾವಲಿನವರು, ದೊರೆಯ ತುರುಕ ಸೇವಕರಾದ ಮೆಹಮೆಟ್ ಮತ್ತು ಮುಸ್ತಫಾ, ಜರ್ಮನಿಯ ಕಾಡಿನಲ್ಲಿ ಸಿಕ್ಕಿದನೆಂದು ಕರೆತಂದ ಪೀಟರ್ ಎಂಬ ಮೂಕ ಹುಡುಗ, ಕೊನೆಗೆ ಕೈಯಲ್ಲಿ ವರ್ಣಫಲಕ ಹಿಡಿದ ಚಿತ್ರಕಾರನೇ. ನೋಡಲು ಬಂದವನನ್ನು ನೋಡುವ ಚಿತ್ರವಿದು. ಸೇವಕರಿಗೆ ಮುಖವನ್ನೂ ಹೆಸರನ್ನೂ ಕೊಟ್ಟ ಈ ಗೋಡೆಯಲ್ಲಿ ಸ್ವಭಾವೋಕ್ತಿಯ ಸೊಗಸು ಇದೆ; ಅತಿಶಯವಿಲ್ಲ. ಕೆನ್ಸಿಂಗ್ಟನ್ನಿನ ಸಮಸ್ತ ಶಿಲ್ಪಚಿತ್ರಗಳಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು. ಅಧಿಕ ಮಂದಿ ಮೆಟ್ಟಿಲಿನ ಮೇಲೆ ಕಣ್ಣಿಟ್ಟು ಹತ್ತಿಬಿಡುವರು.

ಇಲ್ಲಿಯೇ ೧೮೧೯ರ ಮೇ ೨೪ರಂದು ವಿಕ್ಟೋರಿಯಾ ಹುಟ್ಟಿದಳು. ತಾಯಿಯ ಕೋಣೆಯಲ್ಲಿಯೇ ಮಲಗುತ್ತ, ಒಬ್ಬಳೇ ಮೆಟ್ಟಿಲಿಳಿಯಲೂ ಅಪ್ಪಣೆಯಿಲ್ಲದೆ ಬೆಳೆದಳು. ೧೮೩೬ರ ಮೇ ತಿಂಗಳಿನಲ್ಲಿ, ತನ್ನ ಸೋದರಮಾವನ ಮಗನಾದ ಆಲ್ಬರ್ಟನನ್ನು ಮೊದಲು ಕಂಡದ್ದೂ ಇದೇ ಮನೆಯಲ್ಲಿ. ಮರುವರ್ಷ ಜೂನ್ ೨೦ರ ಬೆಳಗಿನ ಆರು ಗಂಟೆಗೆ ಕ್ಯಾಂಟರ್‌ಬರಿಯ ಧರ್ಮಗುರುವೂ ಅರಮನೆಯ ಅಧಿಕಾರಿಯೂ ಬಂದು ಎಬ್ಬಿಸಿ, ದೊರೆ ತೀರಿಕೊಂಡನೆಂದೂ ಇನ್ನು ಆಕೆಯೇ ರಾಣಿಯೆಂದೂ ತಿಳಿಸಿದರು. ಹದಿನೆಂಟು ವರ್ಷದ ಹುಡುಗಿ ಅಂದೇ ಕೆಂಪು ಸಭಾಗೃಹದಲ್ಲಿ ಮಂತ್ರಾಲೋಚನಸಭೆಯನ್ನು ನಡೆಸಿದಳು. ಅರಮನೆಯ ಹೊರಗೆ ಕೊಳಕ್ಕೆ ಎದುರಾಗಿ ಆಕೆಯ ಅಮೃತಶಿಲೆಯ ವಿಗ್ರಹವಿದೆ. ಪಟ್ಟಾಭಿಷೇಕದ ಉಡುಪಿನಲ್ಲಿ ಕುಳಿತ ತರುಣಿ. ೧೮೯೩ರಲ್ಲಿ ಸ್ಥಾಪಿತವಾದ ಇದನ್ನು ಕಡೆದವಳು ಆಕೆಯ ಮಗಳಾದ ಲೂಯಿಸ್ ರಾಜಕುಮಾರಿ. ತಾನು ಹುಟ್ಟುವುದಕ್ಕೆ ಮುಂಚಿನ ತಾಯಿಯನ್ನು ಕಲ್ಪಿಸಿ ಕಡೆದ ಮಗಳ ಕೈಯಲ್ಲಿ ಒಂದು ಸಂಕೋಚವಿದೆ. ಅದು ವಿಗ್ರಹಕ್ಕೆ ಶೋಭೆಯನ್ನೇ ತಂದಿದೆ. ಹತ್ತಿರದ ತಗ್ಗುತೋಟದಲ್ಲಿ ೨೦೨೧ರಲ್ಲಿ ಡಯಾನಾ ರಾಜಕುಮಾರಿಯ ವಿಗ್ರಹವನ್ನು ಸ್ಥಾಪಿಸಿದ ಮೇಲೆ ಜನರು ನೇರವಾಗಿ ಅಲ್ಲಿಗೆ ಹೋಗುವರೆಂಬುದು ಬೇರೆ ಮಾತು.

ಇನ್ನು ಸ್ಮಾರಕದ ವಿಚಾರ. ೧೮೪೦ರಲ್ಲಿ ವಿವಾಹವಾದ ಆಲ್ಬರ್ಟನು ೧೮೬೧ರ ಡಿಸೆಂಬರ್ ೧೪ರಂದು ನಲವತ್ತೆರಡನೆಯ ವಯಸ್ಸಿನಲ್ಲಿ ಮೃತನಾದನು. ರಾಣಿಯು ೧೯೦೧ರಲ್ಲಿ ತಾನು ಸಾಯುವವರೆಗೆ ಕಪ್ಪು ಉಡುಪನ್ನು ಬಿಡಲಿಲ್ಲ. ಆ ಶೋಕದ ಮುಖ್ಯ ಶಿಲಾರೂಪವೇ ಕೆನ್ಸಿಂಗ್ಟನ್ ಉದ್ಯಾನದ ದಕ್ಷಿಣದಂಚಿನ ಆಲ್ಬರ್ಟ್ ಸ್ಮಾರಕ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಎಂಬಾತನ ಯೋಜನೆ. ಎತ್ತರ ೧೭೬ ಅಡಿ. ವೆಚ್ಚ ೧,೨೦,೦೦೦ ಪೌಂಡು. ೧೮೭೨ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ದೇವಾಲಯದಲ್ಲಿ ಪವಿತ್ರಾವಶೇಷವನ್ನಿಡುವ ಚಿನ್ನದ ಸಂಪುಟವನ್ನು ನೂರ್ಮಡಿ ದೊಡ್ಡದು ಮಾಡಿದಂತಿರುವ ಮಂಟಪ, ಅದರೊಳಗೆ ಚಿನ್ನ ಲೇಪಿಸಿದ ಕಂಚಿನ ಪ್ರತಿಮೆ. ಹೊರಮೂಲೆಗಳಲ್ಲಿ ಯುರೋಪು, ಏಷ್ಯಾ, ಆಫ್ರಿಕಾ, ಅಮೆರಿಕಾ ಎಂಬ ನಾಲ್ಕು ಖಂಡಗಳು; ಒಳಮೂಲೆಗಳಲ್ಲಿ ಕೃಷಿ, ವಾಣಿಜ್ಯ, ಯಂತ್ರವಿದ್ಯೆ, ಕೈಗಾರಿಕೆ; ಕಂಬಗಳ ಮೇಲೆ ಶಾಸ್ತ್ರಗಳು, ಅದರ ಮೇಲೆ ಸದ್ಗುಣಗಳು, ಅದರ ಮೇಲೆ ದೇವದೂತರು, ತುದಿಯಲ್ಲಿ ಶಿಲುಬೆ.

ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನು ಎಣಿಸುವಾಗ ಎರಡು ದೋಷಗಳನ್ನು ಹೇಳಿರುವನು. ಒಂದು, ಪುಷ್ಟಿಗೊಂಡ ರಸವನ್ನು ಮರಳಿ ಮರಳಿ ಕೆದಕಿ ಉರಿಸುವುದು; ಇದಕ್ಕೆ ಆತನು ಕೊಟ್ಟಿರುವ ಉದಾಹರಣೆ ಕುಮಾರಸಂಭವದ ರತಿವಿಲಾಪ. ಕಾಳಿದಾಸನನ್ನೇ ಬಿಡದ ಲಾಕ್ಷಣಿಕರು ನಮ್ಮವರು. ಎರಡನೆಯದು, ಅಂಗವಾದುದನ್ನು ಅತಿಯಾಗಿ ವಿಸ್ತರಿಸಿ ಅಂಗಿಯನ್ನು ಮರೆಸುವುದು. ಈ ಸ್ಮಾರಕದಲ್ಲಿ ಎರಡೂ ದೋಷಗಳು ಒಟ್ಟಿಗೆ ಇವೆ. ಎಡಬಲಗಳಲ್ಲಿಯೂ ಮೇಲೆಕೆಳಗೂ ಸ್ತುತಿಯ ಮೇಲೆ ಸ್ತುತಿ ಪೇರಿಸಿದ್ದರಿಂದ ಸತ್ತವನು ಯಾರ ಗಂಡನೆಂಬುದು ಮರೆತುಹೋಗುವುದು. ಖಂಡಗಳ, ಶಾಸ್ತ್ರಗಳ, ಸದ್ಗುಣಗಳ ಗದ್ದಲದಲ್ಲಿ ಶೋಕಸ್ಥಾಯಿಯು ಎಲ್ಲಿಯೂ ನಿಲ್ಲುವುದಿಲ್ಲ. ಅಜನು ಇಂದುಮತಿಯನ್ನು ಕಳೆದುಕೊಂಡು ಅತ್ತಾಗ ಭೂಮಂಡಲದ ನಾಲ್ಕು ದಿಕ್ಕುಗಳನ್ನು ಸಾಕ್ಷಿಗೆ ಕರೆಯಲಿಲ್ಲ. ತೊಡೆಯ ಮೇಲಿನ ಬಾಡಿದ ಹೆಣ್ಣೊಬ್ಬಳನ್ನು ಕುರಿತು ಮಾತನಾಡಿದನು. ಅದರಿಂದಲೇ ಆ ಸರ್ಗವನ್ನು ಓದುವವರ ಕಂಠ ಇಂದಿಗೂ ಬಿಗಿಯುವುದು. ವಿಧವೆಯೊಬ್ಬಳ ಅಳುವನ್ನು ಸಮಿತಿಯೊಂದು ಬರೆದರೆ ಹೀಗೆಯೇ ಆಗುವುದು.

ಆದರೂ ಗುಣವನ್ನು ಹೇಳದೆ ಬಿಡುವುದು ವಿಮರ್ಶಕನ ಧರ್ಮವಲ್ಲ. ಪ್ರತಿಮೆಯ ಕೈಯಲ್ಲಿ ಕತ್ತಿಯಿಲ್ಲ, ರಾಜದಂಡವಿಲ್ಲ, ಒಂದು ಪುಸ್ತಕವಿದೆ. ಅದು ವೇದವೂ ಅಲ್ಲ, ಬೈಬಲ್ಲೂ ಅಲ್ಲ. ೧೮೫೧ರಲ್ಲಿ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನದ ವಸ್ತುಗಳ ಪಟ್ಟಿ. ಆ ಪ್ರದರ್ಶನಕ್ಕೆ ಅರುವತ್ತು ಲಕ್ಷ ಭೇಟಿಗಳಾದವು. ಖರ್ಚು ಕಳೆದು ಸುಮಾರು ೧,೮೬,೦೦೦ ಪೌಂಡು ಉಳಿಯಿತು. ಆ ಹಣದಿಂದ ಕೊಂಡ ನೆಲದಲ್ಲಿಯೇ ದಕ್ಷಿಣ ಕೆನ್ಸಿಂಗ್ಟನ್ನಿನ ವಸ್ತುಸಂಗ್ರಹಾಲಯಗಳೂ ವಿದ್ಯಾಸಂಸ್ಥೆಗಳೂ ಎದ್ದವು. ಉಳಿದ ಹಣವನ್ನು ಉತ್ಸವಕ್ಕೆ ಸುರಿಯದೆ ವಿದ್ಯೆಗೆ ಹಾಕಿಸಿದ ರಾಜಪುತ್ರನ ಕೈಗೆ ಪಟ್ಟಿಯ ಪುಸ್ತಕವನ್ನು ಕೊಟ್ಟದ್ದು ಕ್ಷೇಮೇಂದ್ರನು ಒಪ್ಪುವಂತಹ ಔಚಿತ್ಯ. ಸ್ಮಾರಕದಲ್ಲಿ ಇದೊಂದು ಪುಸ್ತಕವೇ ಸತ್ಯವನ್ನು ಹೇಳುತ್ತದೆ. ಕೆಳಗೆ ನಿಂತವರಿಗೆ ಅದು ಪುಸ್ತಕವೆಂದು ಕಾಣುವುದೂ ಕಷ್ಟ. ಅಂಗದ ಅತಿವಿಸ್ತಾರದ ಫಲವದು.

ಏಷ್ಯಾಖಂಡದ ಶಿಲ್ಪವನ್ನು ಕನ್ನಡಿಗರು ಸ್ವಲ್ಪ ನಿಂತು ನೋಡಬೇಕು. ಜಾನ್ ಹೆನ್ರಿ ಫೋಲಿಯ ಕೃತಿ. ಆನೆಯೊಂದು ಮಂಡಿಯೂರಿದೆ, ಅದರ ಮೇಲೆ ಕುಳಿತ ಸ್ತ್ರೀ ಮುಸುಕನ್ನು ತೆಗೆಯುತ್ತಿದ್ದಾಳೆ, ಸುತ್ತಲೂ ಭಾರತದ ಯೋಧ, ಪಾರಸಿಯ ಕವಿ, ಪಿಂಗಾಣಿ ಹಿಡಿದ ಚೀನೀಯ, ಅರಬ್ಬೀ ವರ್ತಕ. ಮುಸುಕು ತೆಗೆಯುವುದೆಂದರೆ ಪ್ರದರ್ಶನದಲ್ಲಿ ಏಷ್ಯಾದ ಪದಾರ್ಥಗಳು ಬೆಳಕಿಗೆ ಬಂದದ್ದು ಎಂದೂ, ಮಂಡಿಯೂರಿದ ಆನೆಯೆಂದರೆ ಮನುಷ್ಯಬುದ್ಧಿಗೆ ಮಣಿದ ಪಶುಬಲವೆಂದೂ ಆ ಕಾಲದ ವಿವರಣೆ. ಮೈಸೂರಿನ ದಸರೆಯನ್ನು ಕಂಡ ಮಗುವಿಗೂ ಗೊತ್ತಿರುವ ಸಂಗತಿಯೇನೆಂದರೆ, ಆನೆಯು ಮಂಡಿಯೂರುವುದು ಸೋತದ್ದಕ್ಕಲ್ಲ, ಹತ್ತಿಸಿಕೊಳ್ಳುವುದಕ್ಕೆ. ಹತ್ತಿಸಿಕೊಂಡ ಮೇಲೆ ಅದು ಏಳುತ್ತದೆ. ಶಿಲ್ಪಿಯು ಆನೆಯ ಚರ್ಮದ ಮಡಿಕೆಗಳನ್ನೂ ಕಿವಿಯ ಜೋಲನ್ನೂ ಬಹು ಶ್ರದ್ಧೆಯಿಂದ ಕಡೆದಿದ್ದಾನೆ. ಕೆಲಸ ನಿಜವಾಗಿಯೂ ಉತ್ಕೃಷ್ಟ. ವಿವರಣೆ ಬರೆದವನಿಗೆ ಮಾತ್ರ ಆನೆಯ ಪರಿಚಯವಿರಲಿಲ್ಲ. ಕೃತಿಯು ಕೃತಿಕಾರರ ಅಭಿಪ್ರಾಯವನ್ನು ಮೀರುವುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಫೋಲಿಗೂ ಬೆಂಗಳೂರಿಗೂ ಇರುವ ನಂಟನ್ನು ಕೆಲವರೇ ಬಲ್ಲರು. ಆಲ್ಬರ್ಟನ ಪ್ರತಿಮೆಯನ್ನು ಮಾಡಲು ಮೊದಲು ನೇಮಕವಾದವನು ಫೋಲಿಯಲ್ಲ, ಮರೊಶೆಟ್ಟಿ. ಬೆಂಗಳೂರಿನಲ್ಲಿ ೧೮೬೬ರಲ್ಲಿ ಸ್ಥಾಪಿತವಾದ ಮಾರ್ಕ್ ಕಬ್ಬನ್ನರ ಅಶ್ವಾರೂಢ ವಿಗ್ರಹ ಅದೇ ಮರೊಶೆಟ್ಟಿಯದು. ಬಹುಕಾಲ ಹೈಕೋರ್ಟಿನ ಆವರಣದಲ್ಲಿದ್ದು ೨೦೨೦ರಲ್ಲಿ ಉದ್ಯಾನದೊಳಕ್ಕೆ ಸ್ಥಳಾಂತರಗೊಂಡಿತು. ಆತನು ೧೮೬೭ರ ಕೊನೆಯಲ್ಲಿ ಸತ್ತ ಮೇಲೆ ಕೆಲಸ ಫೋಲಿಗೆ ಬಂತು. ಫೋಲಿಯೂ ೧೮೭೪ರಲ್ಲಿ ಸತ್ತನು. ಪ್ರತಿಮೆಯನ್ನು ಪೂರ್ಣಗೊಳಿಸಿದವನು ಅವನ ಶಿಷ್ಯ ಥಾಮಸ್ ಬ್ರಾಕ್; ಕಬ್ಬನ್ ಉದ್ಯಾನದಲ್ಲಿ ೧೯೦೬ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ಪ್ರತಿಮೆಯು ಈ ಬ್ರಾಕನ ಕೈಯದೇ. ಗಂಡನು ಕೆನ್ಸಿಂಗ್ಟನ್ನಿನಲ್ಲಿ, ಹೆಂಡತಿ ಕಬ್ಬನ್ ಪಾರ್ಕಿನಲ್ಲಿ, ಶಿಲ್ಪಿ ಒಬ್ಬನೇ. ಲಾಲ್‌ಬಾಗಿನ ಗಾಜಿನ ಮನೆಯ ಅಸ್ತಿಭಾರವನ್ನು ೧೮೮೯ರಲ್ಲಿ ಹಾಕಿದವನು ಇವರ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಫಲಪುಷ್ಪಪ್ರದರ್ಶನಕ್ಕೆ ಹೋಗಿ ಬರುವವರು ತಮಗರಿವಿಲ್ಲದೆಯೇ ೧೮೫೧ರ ಪ್ರದರ್ಶನದ ಒಂದು ಮರಿಯನ್ನು ನೋಡಿ ಬಂದಿರುತ್ತಾರೆ.

ಮುಖ್ಯವಾದ ಆಕ್ಷೇಪಣೆ ಇರುವುದು ಸ್ಮಾರಕದ ಪೀಠದ ಸುತ್ತ. ಅಲ್ಲಿ ಅಮೃತಶಿಲೆಯ ಪಟ್ಟಿಕೆಯಲ್ಲಿ ೧೬೯ ಮಹಾಪುರುಷರ ಉಬ್ಬುಚಿತ್ರಗಳಿವೆ: ಕವಿಗಳು, ಸಂಗೀತಗಾರರು, ಚಿತ್ರಕಾರರು, ಶಿಲ್ಪಿಗಳು, ವಾಸ್ತುಕಾರರು. ಇದಕ್ಕೆ ಪರ್ನಾಸಸ್ ಎಂದು ಹೆಸರು. ಗ್ರೀಕರ ವಿದ್ಯಾದೇವತೆಗಳ ಬೆಟ್ಟವದು. ಹೋಮರನು ನಡುವೆ ಇದ್ದಾನೆ. ವರ್ಜಿಲ್, ಡಾಂಟೆ, ಷೇಕ್ಸ್‌ಪಿಯರ್, ಮಿಲ್ಟನ್, ಬಾಖ್, ಬೀಥೋವನ್ ಇರುವರು. ವಾಸ್ತುಕಾರರ ಕಡೆಯಲ್ಲಿ ಈಜಿಪ್ಟಿನ ಖಿಯಾಪ್ಸನೂ ಅಸ್ಸೀರಿಯದ ಸೆನ್ನಾಕೆರಿಬನೂ ಇರುವರು. ಸ್ಮಾರಕವನ್ನು ಯೋಜಿಸಿದ ಸ್ಕಾಟನೂ ಒಂದು ಮೂಲೆಯಲ್ಲಿ ಮೆಲ್ಲಗೆ ಮುಖ ತೋರಿಸಿದ್ದಾನೆ. ಇದನ್ನು ದೋಷವೆನ್ನಲಾಗದು, ನಮ್ಮ ಕವಿಗಳೂ ಕೊನೆಯಲ್ಲಿ ಅಂಕಿತ ಹಾಕಿಕೊಂಡವರೇ. ಆದರೆ ೧೬೯ ಮಂದಿಯ ಈ ಪಂಕ್ತಿಯಲ್ಲಿ ಭಾರತದವರಿಗೆ ಒಂದು ಎಲೆಯನ್ನೂ ಹಾಕಿಲ್ಲ. ವಾಲ್ಮೀಕಿಯಿಲ್ಲ, ವ್ಯಾಸನಿಲ್ಲ, ಕಾಳಿದಾಸನಿಲ್ಲ.

ಆ ಕಾಲದವರಿಗೆ ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳುವವರುಂಟು. ಈ ಸಮಾಧಾನ ನಿಲ್ಲುವುದಿಲ್ಲ. ವಿಲಿಯಂ ಜೋನ್ಸ್ ಮಾಡಿದ ಶಾಕುಂತಲದ ಆಂಗ್ಲಾನುವಾದವು ೧೭೮೯ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ವಿಲ್ಸನ್ ಮೇಘದೂತವನ್ನು ೧೮೧೩ರಲ್ಲಿ ಅನುವಾದಿಸಿದನು. ೧೮೩೨ರಲ್ಲಿ ಆಕ್ಸ್‌ಫರ್ಡಿನ ಸಂಸ್ಕೃತಪೀಠಕ್ಕೆ ಮೊದಲ ಅಧ್ಯಾಪಕನಾಗಿ ಅವನೇ ಆಯ್ಕೆಯಾದನು. ಇವೆಲ್ಲವೂ ಸ್ಮಾರಕಕ್ಕೆ ಕಲ್ಲು ಕಡಿಯುವುದಕ್ಕೆ ಎಷ್ಟೋ ಮೊದಲಿನ ಮಾತು. ಇದಕ್ಕಿಂತ ಬಲವಾದ ಸಾಕ್ಷಿ ಪಟ್ಟಿಕೆಯಲ್ಲಿಯೇ ಇದೆ. ಅಲ್ಲಿ ಜರ್ಮನ್ ಕವಿ ಗಯಟೆ ನಿಂತಿದ್ದಾನೆ. ಜೋನ್ಸನ ಇಂಗ್ಲಿಷಿನಿಂದ ಫಾರ್ಸ್ಟರನು ಜರ್ಮನ್ನಿಗೆ ತಂದ ಶಾಕುಂತಲವನ್ನು ೧೭೯೧ರಲ್ಲಿ ಓದಿ ಆ ಗಯಟೆಯು ಮನಸೋತು ಅದನ್ನು ಸ್ತುತಿಸಿ ಪದ್ಯ ಬರೆದನು. ತನ್ನ ಫೌಸ್ಟ್ ನಾಟಕದ ರಂಗಪ್ರಸ್ತಾವನೆಯನ್ನು ಶಾಕುಂತಲದ ಪ್ರಸ್ತಾವನೆಯ ಮಾದರಿಯಲ್ಲಿ ರಚಿಸಿದನೆಂದೂ ವಿದ್ವಾಂಸರು ಹೇಳುವರು. ಆಲ್ಬರ್ಟನೂ ಜರ್ಮನ್ ನಾಡಿನವನೇ. ಹೀಗಿರಲು, ಕೈಮುಗಿದವನಿಗೆ ಮಣೆ ಹಾಕಿ, ಯಾರಿಗೆ ಕೈಮುಗಿದನೋ ಅವನನ್ನು ಹೊರಗೆ ನಿಲ್ಲಿಸಿದಂತಾಯಿತು. ಏಷ್ಯಾಕ್ಕೆ ಆನೆಯನ್ನು ಕೊಟ್ಟರು, ಪಿಂಗಾಣಿಯನ್ನು ಕೊಟ್ಟರು. ಒಂದು ಹೆಸರನ್ನು ಕೊಡಲಿಲ್ಲ. ಯುರೋಪಿನವರಿಗೆ ಹೆಸರುಗಳು, ಉಳಿದವರಿಗೆ ಜಾತಿಲಕ್ಷಣಗಳು. ಪಂಕ್ತಿಭೇದವೆಂದರೆ ಏನೆಂಬುದು ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಅದನ್ನು ಬಹುಕಾಲ ನಡೆಸಿಕೊಂಡು ಬಂದವರು. ಆದಕಾರಣ ಇಲ್ಲಿ ಕೋಪಕ್ಕಿಂತ ಗುರುತು ಹಿಡಿಯುವುದು ಸುಲಭ.

ರಸ್ತೆಯಾಚೆಯ ಆಲ್ಬರ್ಟ್ ಸಭಾಭವನದ ಬಗ್ಗೆ ಬಹಳ ಹೇಳಬೇಕಾದುದಿಲ್ಲ. ೧೮೭೧ರ ಮಾರ್ಚ್ ೨೯ರಂದು ಅದರ ಪ್ರಾರಂಭೋತ್ಸವದಲ್ಲಿ ರಾಣಿಗೆ ಗದ್ಗದವಾಗಿ ಮಾತು ಹೊರಡಲಿಲ್ಲ. ಯುವರಾಜನೇ ಭವನವು ತೆರೆಯಿತೆಂದು ಸಾರಬೇಕಾಯಿತು. ಇಡೀ ಸ್ಮಾರಕವು ಹೇಳಲಾರದ್ದನ್ನು ಆ ಒಂದು ಮೌನ ಹೇಳಿತು. ಭವನದ ಗುಮ್ಮಟದಲ್ಲಿ ಪ್ರತಿಧ್ವನಿ ವಿಪರೀತವಾಗಿ, ಒಂದು ಸಲ ನುಡಿಸಿದ್ದು ಎರಡು ಸಲ ಕೇಳುತ್ತಿತ್ತು. ಆನಂದವರ್ಧನನು ವ್ಯಂಗ್ಯಾರ್ಥಕ್ಕೆ ಗಂಟೆಯ ಅನುರಣನವನ್ನು ಹೋಲಿಕೆಯಾಗಿ ಹೇಳಿದ್ದುಂಟು. ಆದರೆ ಅನುರಣನವೇ ಮೂಲನಾದವನ್ನು ನುಂಗಿದರೆ ಅದು ದೋಷವೇ. ೧೯೬೯ರಲ್ಲಿ ಛಾವಣಿಯಿಂದ ಅಣಬೆಗಳಂತಹ ತಟ್ಟೆಗಳನ್ನು ತೂಗುಹಾಕಿದ ಮೇಲೆ ಆ ದೋಷ ಬಹುಮಟ್ಟಿಗೆ ಶಮನವಾಯಿತು. ೧೮೮೧ರಲ್ಲಿ ತೆರೆದ ಪ್ರಕೃತಿವಿಜ್ಞಾನದ ಸಂಗ್ರಹಾಲಯದ ಸುಟ್ಟಮಣ್ಣಿನ ಗೋಡೆಗಳ ಮೇಲಿನ ಪಶುಪಕ್ಷಿಗಳನ್ನು ಮಕ್ಕಳೇ ಹುಡುಕಿ ತೋರಿಸುವರು.

ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಬಂದಾಗ ಮಾತ್ರ ಕನ್ನಡಿಗನು ಬರಿಯ ಪ್ರೇಕ್ಷಕನಾಗಿ ಉಳಿಯುವುದಿಲ್ಲ. ೧೮೫೨ರಲ್ಲಿ ಸ್ಥಾಪಿತವಾಗಿ, ೧೮೫೭ರಲ್ಲಿ ಈ ಸ್ಥಳಕ್ಕೆ ಬಂದು, ೧೮೯೯ರಲ್ಲಿ ಈಗಿನ ಹೆಸರನ್ನು ಪಡೆದ ಈ ಸಂಸ್ಥೆಗೆ ಪ್ರವೇಶಧನವಿಲ್ಲ. ಇದರ ಸಂಗ್ರಹದಲ್ಲಿದೆ ಶ್ರೀರಂಗಪಟ್ಟಣದ ಹುಲಿ. ಮರದ ಹುಲಿಯೊಂದು ಅಂಗಾತ ಬಿದ್ದ ಯುರೋಪಿಯನನ ಕೊರಳಿಗೆ ಬಾಯಿ ಹಾಕಿದೆ. ಉದ್ದ ಸುಮಾರು ಆರಡಿ. ಒಳಗೆ ಗಾಳಿಚೀಲಗಳೂ ನಳಿಕೆಗಳೂ ಇವೆ. ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುವುದು, ಮನುಷ್ಯನು ಗೋಳಿಡುತ್ತ ಕೈಯೆತ್ತುವನು. ಪಕ್ಕೆಯ ಮುಚ್ಚಳ ತೆರೆದರೆ ವಾದ್ಯ ನುಡಿಸಲು ದಂತದ ಗುಂಡಿಗಳ ಸಾಲು. ೧೭೯೨ರಲ್ಲಿ ಬಂಗಾಳದಲ್ಲಿ ಹುಲಿಯ ಬಾಯಿಗೆ ಬಿದ್ದ ಸೇನಾಪತಿ ಮನ್ರೋವಿನ ಮಗನ ಪ್ರಸಂಗವೇ ಇದಕ್ಕೆ ಪ್ರೇರಣೆಯೆಂಬ ಊಹೆಯೂ ಉಂಟು.

೧೭೯೯ರ ಮೇ ೪ರಂದು ಟಿಪ್ಪು ಮಡಿದ ಮೇಲೆ ಅರಮನೆಯ ವಾದ್ಯಶಾಲೆಯಲ್ಲಿ ಇದು ಸಿಕ್ಕಿತು. ವಾದ್ಯಶಾಲೆಯಲ್ಲಿ ಎಂಬುದನ್ನು ಗಮನಿಸಬೇಕು, ಆಯುಧಾಗಾರದಲ್ಲಿ ಅಲ್ಲ. ಲಂಡನ್ನಿಗೆ ಸಾಗಿಸಿ, ೧೮೦೮ರಿಂದ ಲೆಡನ್‌ಹಾಲ್ ಬೀದಿಯ ಕಂಪೆನಿಯ ಭವನದಲ್ಲಿ ಜನರಿಗೆ ತೋರಿಸಿದರು. ಆ ಭವನದ ಗ್ರಂಥಾಲಯಕ್ಕೂ ಸಂಗ್ರಹಾಲಯಕ್ಕೂ ಅಧಿಕಾರಿಯಾಗಿದ್ದವನು ಚಾರ್ಲ್ಸ್ ವಿಲ್ಕಿನ್ಸ್. ಭಗವದ್ಗೀತೆಯನ್ನು ೧೭೮೫ರಲ್ಲಿ ಮೊದಲು ಇಂಗ್ಲಿಷಿಗೆ ತಂದ ಮಹನೀಯನೇ ಈತ. ಗೀತೆಯ ಅನುವಾದಕನ ಸುಪರ್ದಿನಲ್ಲಿ ಮೈಸೂರಿನ ಹುಲಿ! ಬಂದವರೆಲ್ಲ ಹಿಡಿಯನ್ನು ತ್ರಾಣವಿದ್ದಷ್ಟು ತಿರುಗಿಸುತ್ತಿದ್ದುದರಿಂದ ಅದರ ಗರ್ಜನೆಯು ಓದುವ ಕೋಣೆಯ ವಿದ್ಯಾರ್ಥಿಗಳಿಗೆ ದೊಡ್ಡ ಉಪದ್ರವವಾಯಿತಂತೆ. ಕೀಟ್ಸ್ ಕವಿಯೂ ೧೮೧೯ರ ಒಂದು ವಿನೋದಕಾವ್ಯದಲ್ಲಿ ಇದನ್ನು ನೆನೆದಿರುವನು. ಕಂಪೆನಿಯ ಸಂಗ್ರಹವು ಚದರಿದಾಗ, ೧೮೭೯-೮೦ರಲ್ಲಿ ಅದು ಕೆನ್ಸಿಂಗ್ಟನ್ನಿಗೆ ಬಂತು.

ವಸ್ತು ಒಂದೇ, ಸ್ಥಾನಭೇದದಿಂದ ವ್ಯಂಗ್ಯಾರ್ಥವು ಹೇಗೆ ಬದಲಾಗುವುದೆಂಬುದನ್ನು ಧ್ವನಿಶಾಸ್ತ್ರದ ವಿದ್ಯಾರ್ಥಿಯು ಇಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ವಕ್ತೃವೂ ಶ್ರೋತೃವೂ ದೇಶಕಾಲಗಳೂ ಬೇರೆಯಾದರೆ ಧ್ವನಿಯೂ ಬೇರೆಯಾಗುವುದೆಂದು ಶಾಸ್ತ್ರವೇ ಹೇಳಿದೆ. ಶ್ರೀರಂಗಪಟ್ಟಣದಲ್ಲಿ ಇದು ಶತ್ರುವಿನ ಮುಂದೆ ಆಡಿದ ವೀರದ ಮಾತು, ಅದರ ಅಂಚಿನಲ್ಲಿ ಹಾಸ್ಯ. ಲೆಡನ್‌ಹಾಲ್ ಬೀದಿಯಲ್ಲಿ ಅದೇ ಮಾತು ಸೋತವನ ಕ್ರೌರ್ಯಕ್ಕೆ ರುಜುವಾತು. ರೌದ್ರವೆಂದು ತೋರಿಸಿ ಹಾಸ್ಯವಾಗಿ ಅನುಭವಿಸಿದ್ದು. ಕೆನ್ಸಿಂಗ್ಟನ್ನಿನಲ್ಲಿ ಅದು ಗಾಜಿನೊಳಗಿನ ಅದ್ಭುತ. ಹಿಡಿಯನ್ನು ತಿರುಗಿಸುವವರಿಲ್ಲ, ನಾದವಿಲ್ಲದ ವಾದ್ಯವು ಬೊಂಬೆ ಮಾತ್ರ. ಮುರಿಯದಂತೆ ಕಾಪಾಡಲು ಇದು ಆವಶ್ಯಕವೆಂಬುದು ನಿಜ. ಆದರೂ, ಮಾತನಾಡಲೆಂದೇ ಹುಟ್ಟಿದ ಯಂತ್ರವೊಂದು ಮಾತು ನಿಂತು ಕುಳಿತಿದೆಯೆಂಬುದನ್ನು ನೋಡುವವನು ಮರೆಯಬಾರದು.

ಇದು ಹಿಂದಿರುಗಿ ಬರಬೇಕೆಂಬ ಕೂಗು ನಮ್ಮಲ್ಲಿ ಆಗಾಗ ಏಳುವುದು. ಅಲ್ಲಿದ್ದರೇ ಕ್ಷೇಮವೆಂದು ಉತ್ತರ ಹೇಳುವವರೂ ನಮ್ಮವರಲ್ಲಿಯೇ ಇರುವರು. ಕ್ಷೇಮದ ವಾದವು ಅಷ್ಟು ಗಟ್ಟಿಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಹೊಡೆತಕ್ಕೆ ಛಾವಣಿ ಕುಸಿದು ಹುಲಿಯು ನೂರಾರು ಚೂರುಗಳಾಯಿತು. ಸಹನೆಯಿಂದ ಜೋಡಿಸಿ ೧೯೪೭ರ ಹೊತ್ತಿಗೆ ಸರಿಪಡಿಸಿದರು. ಮುರಿದದ್ದೂ ಅಲ್ಲಿಯೇ, ಕೂಡಿಸಿದ್ದೂ ಅಲ್ಲಿಯೇ. ಹಿಂದಿರುಗಿಸುವುದು ನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಗೆದ್ದವನು ಹೊತ್ತೊಯ್ದದ್ದು ಕೊಂಡದ್ದಾಗುವುದಿಲ್ಲ. ಆದರೆ ಬಂದರೆ ಎಲ್ಲಿಗೆ ಬರಬೇಕು? ಅದಿದ್ದ ಅರಮನೆಯು ಇಂದು ರಂಗನಾಥಸ್ವಾಮಿಯ ದೇವಾಲಯದ ಬಳಿ ನೆಲಗಟ್ಟಿನ ಅವಶೇಷವಾಗಿದೆ. ಉಳಿದಿರುವುದು ೧೭೮೪ರ ದರಿಯಾದೌಲತ್. ಅದರ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರಿನ ಯುದ್ಧ. ಆ ಗೋಡೆಚಿತ್ರದ ನುಡಿಯೂ ಈ ಹುಲಿಯ ನುಡಿಯೂ ಒಂದೇ. ಒಂದು ಶ್ಲೋಕದ ಎರಡು ಪಾದ ಕಾವೇರೀತೀರದಲ್ಲಿಯೂ ಎರಡು ಪಾದ ಥೇಮ್ಸ್ ತೀರದಲ್ಲಿಯೂ ಉಳಿದಂತಾಗಿದೆ. ಮೈಸೂರಿಗೆ ಹತ್ತು ಮೈಲಿಯಾಚೆಯ ದರಿಯಾದೌಲತ್ತನ್ನು ಒಮ್ಮೆಯೂ ನಿಂತು ನೋಡದೆ ಲಂಡನ್ನಿನ ಹುಲಿಯ ಮುಂದೆ ನಿಟ್ಟುಸಿರು ಬಿಡುವ ಯಾತ್ರಿಕರು ಅನೇಕರು. ಅವರ ನಿಟ್ಟುಸಿರಿಗೆ ಆಧಾರ ಸಾಲದು.

ಸ್ಮಾರಕದ ಪಂಕ್ತಿಯಲ್ಲಿ ಎಡೆ ದೊರೆಯದವರಿಗೆ ಅದೇ ನಗರದಲ್ಲಿ ಬೇರೆ ಕಡೆ ಎಡೆ ದೊರೆತದ್ದೂ ಉಂಟು. ಆಲ್ಬರ್ಟನ ಹೆಸರನ್ನೇ ಹೊತ್ತ ಥೇಮ್ಸ್ ನದಿಯ ದಂಡೆಯ ಮೇಲೆ, ಪಾರ್ಲಿಮೆಂಟಿಗೆ ಎದುರುದಡದಲ್ಲಿ, ೨೦೧೫ರ ನವೆಂಬರ್ ೧೪ರಂದು ಬಸವೇಶ್ವರರ ವಿಗ್ರಹವು ಅನಾವರಣಗೊಂಡಿತು. ಪಶ್ಚಿಮ ಕೆನ್ಸಿಂಗ್ಟನ್ನಿನಲ್ಲಿ ಭಾರತೀಯ ವಿದ್ಯಾಭವನವಿದೆ. ಸಂಸ್ಕೃತವನ್ನೂ ಕರ್ಣಾಟಕ ಸಂಗೀತವನ್ನೂ ಕಲಿಸುವ ಸ್ಥಳ. ಶಿವಮೊಗ್ಗ ಜಿಲ್ಲೆಯ ಮತ್ತೂರಿನವರಾದ ದಿವಂಗತ ಮತ್ತೂರು ಕೃಷ್ಣಮೂರ್ತಿಗಳು ೧೯೭೨ರಲ್ಲಿ ಲಂಡನ್ನಿಗೆ ಹೋಗಿ ಎರಡು ದಶಕಗಳಿಗೂ ಮಿಕ್ಕಿ ಅದನ್ನು ನಡೆಸಿದರು. ಕುಮಾರವ್ಯಾಸಭಾರತದ ವ್ಯಾಖ್ಯಾನಕ್ಕೆ ಅವರು ಹೆಸರಾದವರೆಂಬುದು ಗಮಕಪ್ರಿಯರಿಗೆ ತಿಳಿದೇ ಇದೆ. ಸ್ಮಾರಕದಿಂದ ಅಲ್ಲಿಗೆ ನಡೆದೇ ಹೋಗಬಹುದು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಅದರ ಹೆಸರು ಇರುವುದಿಲ್ಲವಾದುದರಿಂದ ದಾರಿಯನ್ನು ಕೇಳಿಕೊಂಡು ಹೋಗಬೇಕಾಗುವುದು.